ಎಂಬತ್ತೆರಡು ಕಿಲೋ

ಏಳನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಯಜಮಾನರ ಬಲಮಂಡಿ ಹಿಡಿದುಕೊಂಡಿತು. ಹೀಗಾದಾಗ ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕೆಳಗಿದ್ದವರಿಗೆ ಮರದ ಎಳೆ ನೋಡುತ್ತಿರುವಂತೆ ಕಾಣಲಿ ಎಂದು ಹುಬ್ಬು ಗಂಟಿಕ್ಕಿ, ನೋವು ಇಳಿಯುವ ತನಕ ನಿಲ್ಲುವುದು ಅವರಿಗೆ ಈಚೆಗೆ ಅಭ್ಯಾಸವಾಗಿತ್ತು. ಇವತ್ತು ನೋವು ಬೇಗ ಇಳಿಯಲಿಲ್ಲ. ಹಾಗಾಗಿ ನಿಜವಾಗಿಯೂ ಮರವನ್ನು ನೋಡಬೇಕಾಯಿತು. ಕಣ್ಣಿನಿಂದ ಒಂದು ಗೇಣು ಕೆಳಗೆ ಹನ್ನೊಂದನೇ ಮೆಟ್ಟಿಲು. ಹಿಂದಿನ ದಿನ ಬಳಿದ ಎಣ್ಣೆ ಇನ್ನೂ ಪೂರ್ತಿ ಆರಿರಲಿಲ್ಲ. ಅದರ ಮೇಲೆ ಗರಗಸದ ಪುಡಿ ಅಂಟಿಕೊಂಡು, ಒಂದು ಬರಿಗಾಲಿನ ಅಚ್ಚು ಮೂಡಿತ್ತು. ಯಜಮಾನರು ಅದರ ಮೇಲೆ ಕೈಯಿಟ್ಟು ಅಳೆದರು. ನಾಲ್ಕು ಬೆರಳಗಲ. ಅವರ ಪಾದವೋ ಐದು ಬೆರಳನ್ನೂ ಮೀರಿದ್ದು.

ತಮಗಿಂತ ಮೊದಲು ಯಾರೋ ಈ ಏಣಿಯನ್ನು ಹತ್ತಿದ್ದಾರೆ.

ಆ ಕಾರ್ಖಾನೆಯಲ್ಲಿ ಆಗಕೂಡದ ಸಂಗತಿ ಅದು. ಹತ್ತೊಂಬತ್ತು ವರ್ಷದ ಕೆಳಗೆ, ಒಂದೇ ಷೆಡ್ಡು, ಇಬ್ಬರೇ ಕೆಲಸದವರು ಇದ್ದ ಕಾಲದಲ್ಲಿ, ಅಲ್ಲಿ ತಯಾರಾದ ಒಂದು ಏಣಿಯ ಮೆಟ್ಟಿಲು ಕಿತ್ತುಬಂದು, ಅದರ ಮೇಲೆ ನಿಂತು ಗೋಡೆಗೆ ಬಣ್ಣ ಹೊಡೆಯುತ್ತಿದ್ದ ಅವರ ಅಕ್ಕನ ಗಂಡನ ಎಡಗಾಲು ಮುರಿದಿತ್ತು. ಭಾವ ಬಣ್ಣದ ಕೆಲಸವನ್ನು ಬಿಡಲಿಲ್ಲ. ಕುಂಟು ಮಾತ್ರ ಉಳಿಯಿತು. ಅಂದಿನಿಂದ ಹೊರಗೆ ಹೋಗುವ ಪ್ರತಿ ಏಣಿಯನ್ನೂ ಯಜಮಾನರು ಬರಿಗಾಲಲ್ಲಿ ಹತ್ತಿ, ತುದಿಯಿಂದ ಎರಡನೇ ಮೆಟ್ಟಿಲ ಮೇಲೆ ಎರಡು ಸಲ ಕುಪ್ಪಳಿಸಿ, ಇಳಿದು ಬಂದು, ಕಾಸಿದ ಕಬ್ಬಿಣದ ಮುದ್ರೆಯನ್ನು ತಾವೇ ಒತ್ತುತ್ತಿದ್ದರು. ಮುದ್ರೆಯಿಲ್ಲದ ಏಣಿ ಗೇಟು ದಾಟುತ್ತಿರಲಿಲ್ಲ. ಭಾವನಂತೂ ಇವರು ಹತ್ತದ ಏಣಿಯ ಮೇಲೆ ಕಾಲಿಡುತ್ತಿರಲಿಲ್ಲ.

ಈಗ ಮೂರು ಷೆಡ್ಡು, ಹತ್ತೊಂಬತ್ತು ಜನ. ಮರ ಕೊಳ್ಳುವುದು, ಆಳುಗಳನ್ನು ನೇಮಿಸುವುದು, ಗಿರಾಕಿಗಳ ಜೊತೆ ಏಗುವುದು, ಎಲ್ಲವನ್ನೂ ಯಜಮಾನರು ಅಳತೆಯಕ್ಕನಿಗೆ ವಹಿಸಿದ್ದರು. ಬೆಣೆ ಹೊಡೆಯುವ ಕೆಲಸಕ್ಕೆ ಬಂದು ಮೇಸ್ತ್ರಿಯಾದ ಆ ಹೆಂಗಸಿಗೆ ಸೊಂಟದಿಂದ ಟೇಪು ಬಿಚ್ಚದ ಕಾರಣ ಆ ಹೆಸರು ಬಿದ್ದಿತ್ತು. "ನಾನು ದಿನಕ್ಕೆ ಎರಡು ಗಂಟೆ ಹೋಗಿಬಂದ್ರೆ ಮುಗೀತು, ಮಿಕ್ಕಿದ್ದು ತಾನಾಗೇ ನಡೆಯುತ್ತೆ" ಎಂದು ಅವರು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅಂಗಳದ ಗೋಡೆ ಮಾತ್ರ ಈ ಮಾತಿಗೆ ಒಪ್ಪುತ್ತಿರಲಿಲ್ಲ. ಷೆಡ್ಡುಗಳು ದಿನಕ್ಕೆ ಹದಿನಾಲ್ಕು ಏಣಿ ಮಾಡಿದರೆ ಯಜಮಾನರ ಮಂಡಿ ಎಂಟಕ್ಕೆ ಸುಸ್ತಾಗುತ್ತಿತ್ತು. ಮಿಕ್ಕವು ಗೋಡೆಗೊರಗಿ ಸಾಲಾಗಿ ಕಾಯುತ್ತಿದ್ದವು. ಹಣ್ಣಿನ ತೋಟದವರಿಗೆ ಅರವತ್ತು ಏಣಿ ಬೇಕಿತ್ತು. ಗುರುವಾರ ಲಾರಿ ಬರುತ್ತದೆ. ಇವತ್ತು ಸೋಮವಾರ. ಮುದ್ರೆ ಬಿದ್ದದ್ದು ಇಪ್ಪತ್ತನಾಲ್ಕಕ್ಕೆ.

ಯಜಮಾನರು ಕುಪ್ಪಳಿಸದೆ ಇಳಿದರು.

"ಇದನ್ನ ಯಾರು ಹತ್ತಿದ್ದು?"

ಉಳಿಗಳ ಸದ್ದು ಒಂದೊಂದಾಗಿ ನಿಂತಿತು.

"ನಾನೇ," ಅಂದಳು ಅಳತೆಯಕ್ಕ.

"ಇದೊಂದನ್ನಾ?"

ಅವಳು ಟೇಪನ್ನು ಒಂದು ಮೊಳ ಎಳೆದು ಬಿಟ್ಟಳು. ಅದು ಟಪ್ಪೆಂದು ಒಳಗೆ ಹೋಯಿತು. "ಎಲ್ಲಾನೂ. ಎರಡು ವರ್ಷ ಆಯ್ತು."

"ನಾನು ಇರೋವಾಗ ನಿನಗ್ಯಾಕಮ್ಮ ಆ ಉಸಾಬರಿ?"

"ನಿಮ್ಮ ಮಂಡಿ ಸರಿಯಿಲ್ಲ ಯಜಮಾನ್ರೇ. ಮೇಲೆ ಹೋದಾಗ ಮೆಟ್ಟಿಲು ಕೈಕೊಟ್ರೆ ನೀವು ಸಾವರಿಸ್ಕೊಳ್ಳೋಕಾಗಲ್ಲ. ಅದಕ್ಕೇ ನೀವು ಮನೆಗೆ ಹೋದ್ಮೇಲೆ ನಾವು ಹತ್ತಿ ನೋಡಿ, ಗಟ್ಟಿ ಇರೋದನ್ನ ಮಾತ್ರ ಗೋಡೆಗೆ ಒರಗಿಸ್ತೀವಿ."

"ನೀನು ಹತ್ತಿದ್ರೆ ಅದಕ್ಕೇನು ಗೊತ್ತಾಗುತ್ತೆ? ಗುಬ್ಬಿ ಕೂತಂಗೆ."

"ನಾನು ಐವತ್ತೆರಡು ಕಿಲೋ. ಮೂವತ್ತು ಕಿಲೋ ಮರಳಿನ ಚೀಲ ಬೆನ್ನಿಗೆ ಕಟ್ಕೋತೀನಿ. ಅಲ್ಲಿಗೆ ನಿಮ್ಮಷ್ಟಾಯ್ತು."

"ನಾನು ಎಂಬತ್ತೆರಡು ಅಂತ ನಿನಗೆ ಯಾರಂದ್ರು?"

"ಅಮ್ಮಾವ್ರು. ಆಗಾಗ ಕೇಳಿ ತಿಳ್ಕೋತೀನಿ. ಹೋದ ವರ್ಷ ಚೀಲದಲ್ಲಿ ಎರಡು ಕಿಲೋ ಕಮ್ಮಿ ಇತ್ತು."

ಎರಡನೇ ಷೆಡ್ಡಿನಲ್ಲಿ ಯಾರೋ ನಗುವನ್ನು ಕೆಮ್ಮಿಗೆ ತಿರುಗಿಸಿದರು. ಯಜಮಾನರು ಮುದ್ರೆಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಯಾರ ಮುಖವನ್ನೂ ನೋಡದೆ ಗೇಟು ದಾಟಿದರು.

ಎರಡು ವರ್ಷದಿಂದ ತಾವು ಹತ್ತಿದ ಏಣಿಗಳಲ್ಲಿ ಒಂದೂ ಕೆಟ್ಟದ್ದಿರಲಿಲ್ಲ ಎಂಬುದು ಅವರಿಗೆ ದಾರಿಯಲ್ಲಿ ಹೊಳೆಯಿತು. ಅದಕ್ಕೆ ಮುಂಚೆ ತಿಂಗಳಿಗೆ ಮೂರಾದರೂ ಸಿಗುತ್ತಿದ್ದವು. ಮರ ಸುಧಾರಿಸಿತು ಎಂದುಕೊಂಡಿದ್ದರು. ತಮ್ಮ ಭಯ ಕೆಲಸದವರ ಕೈಯನ್ನು ತಿದ್ದಿತು ಎಂದೂ ಅಂದುಕೊಂಡಿದ್ದರು. ಇಷ್ಟು ಸುಲಭದ ಕಾರಣವೊಂದು ಇರಬಹುದೆಂದು ಮಾತ್ರ ಯೋಚಿಸಿರಲಿಲ್ಲ.

"ಹೌದು, ನಾನೇ ಹೇಳಿದ್ದು," ಅಂದರು ಹೆಂಡತಿ, ಬಟ್ಟೆ ಮಡಿಸುತ್ತ. "ನಿಮ್ಮನ್ನ ಕೇಳಿದ್ರೆ ಎಪ್ಪತ್ತೈದು ಅಂತಿದ್ರಿ. ಆಮೇಲೆ ಅವಳ ಲೆಕ್ಕ ತಪ್ಪೋದು."

ಮಂಗಳವಾರ ಅವರು ಕಾರ್ಖಾನೆಗೆ ಹೋಗಲಿಲ್ಲ. ಅಲ್ಲಿಂದ ಯಾರೂ ಫೋನ್ ಮಾಡಲಿಲ್ಲ. ಮಾಡಲಿಲ್ಲವಲ್ಲ ಎಂದು ಫೋನನ್ನು ನಾಲ್ಕು ಸಲ ತೆಗೆದು ನೋಡಿದರು. ಸಂಜೆ ಹೊತ್ತಿಗೆ ಭಾವ ಬಂದ, ಹುಬ್ಬಿನ ತುಂಬ ಬಿಳಿ ಬಣ್ಣದ ಹನಿ. ವಿಷಯ ಅವನಿಗೆ ಆಗಲೇ ತಲುಪಿತ್ತು.

"ಗಟ್ಟಿ ಅಂತ ಗೊತ್ತಿರೋ ಏಣಿ ಮೇಲೆ ಎರಡು ವರ್ಷ ಕುಣಿದು, ಗಟ್ಟಿ ಇದೆ ಅಂತ ಮುದ್ರೆ ಒತ್ತಿದ್ದೀಯಲ್ಲೋ ಭಾಮೈದ. ಸರ್ಕಾರಿ ಕೆಲಸಕ್ಕೆ ಸೇರಿದ್ರೆ ಇಷ್ಟೊತ್ತಿಗೆ ದೊಡ್ಡ ಆಫೀಸರ್ ಆಗಿರ್ತಿದ್ದೆ."

ಯಜಮಾನರು ನಗಲಿಲ್ಲ. "ಅವಳು ಒಂದನ್ನ ಬಿಟ್ಟುಬಿಟ್ರೆ? ಅರವತ್ತರಲ್ಲಿ ಒಂದೇ ಒಂದು. ಅದರ ಮೇಲೆ ಯಾರೋ ಹಣ್ಣು ಕೀಳೋಕೆ ಹತ್ತಿದ್ರೆ?"

ಭಾವ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕಿಟ್ಟುಕೊಂಡ. ಕೂತಾಗಲೆಲ್ಲ ಹಾಗೆ ಮಾಡುತ್ತಿದ್ದ.

"ನಾನು ಬಿದ್ದ ಏಣಿ ಇದೆಯಲ್ಲ. ಆ ಮೆಟ್ಟಿಲನ್ನ ಕೂರಿಸಿದ್ದು ಯಾರು?"

ಕೂರಿಸಿದ್ದು ಯಜಮಾನರೇ. ಆಳುಗಳನ್ನು ನಂಬದೆ ತಮ್ಮ ಕೈಯಾರೆ ಮಾಡಿದ ಏಣಿ ಅದು. ಹತ್ತೊಂಬತ್ತು ವರ್ಷದಲ್ಲಿ ಭಾವ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ.

"ಆಡಿಕೊಳ್ಳೋಕೆ ಹೇಳ್ಲಿಲ್ಲ ಕಣೋ," ಅಂದ ಭಾವ. "ಆವತ್ತು ನಿನ್ನ ಹಿಂದೆ ಇನ್ನೊಬ್ಬರು ನೋಡೋರು ಇದ್ದಿದ್ರೆ ಚೆನ್ನಾಗಿರ್ತಿತ್ತು, ಅಷ್ಟೆ. ಟೀ ಆರ್ತಾ ಇದೆ, ಕುಡಿ."

ಬುಧವಾರ ಬೆಳಿಗ್ಗೆ ಯಜಮಾನರು ಕಾರ್ಖಾನೆಗೆ ಬಂದವರೇ ಒಂದು ಸ್ಟೂಲು ಎಳೆದುಕೊಂಡು ಕೂತರು. "ಹತ್ತಿ ತೋರಿಸು," ಅಂದರು.

ಅಳತೆಯಕ್ಕ ಯಾಕೆಂದು ಕೇಳಲಿಲ್ಲ. ಇಬ್ಬರು ಅವಳ ಬೆನ್ನಿಗೆ ಮರಳಿನ ಚೀಲ ಬಿಗಿದರು. ಷೆಡ್ಡಿನೊಳಗಿನಿಂದ ಹೊಸ ಏಣಿಗಳು ಒಂದೊಂದಾಗಿ ಬಂದವು. ಪ್ರತಿ ಏಣಿಯ ಬುಡದಲ್ಲೂ ಅದನ್ನು ಮಾಡಿದವನೇ ನಿಂತಿರಬೇಕು ಎಂಬುದು ಅವಳ ಕ್ರಮ. ಅವಳು ನಿಧಾನವಾಗಿ ಹತ್ತುತ್ತಿದ್ದಳು, ಪ್ರತಿ ಮೆಟ್ಟಿಲಲ್ಲೂ ಭಾರವನ್ನು ಎಡದಿಂದ ಬಲಕ್ಕೆ ಒಮ್ಮೆ ಹೊರಳಿಸಿ. ಹಾಗೆ ಹೊರಳಿಸುವುದು ಯಜಮಾನರಿಗೆ ಎಂದೂ ಹೊಳೆದಿರಲಿಲ್ಲ. ಅವರು ಬಲಗಾಲನ್ನು ಉಳಿಸಿಕೊಳ್ಳಲು ಎಡಕ್ಕೇ ವಾಲಿ ಹತ್ತುತ್ತಿದ್ದರು.

ಒಂಬತ್ತನೇ ಏಣಿಯ ಐದನೇ ಮೆಟ್ಟಿಲಲ್ಲಿ ಅವಳು ನಿಂತಳು. "ಇದು ಬೇಡ."

"ಯಾಕೆ?"

"ಬಲಗಡೆ ಮಾತಾಡ್ತು. ಕೇಳಿಸ್ಲಿಲ್ವಾ?"

ಯಜಮಾನರಿಗೆ ಏನೂ ಕೇಳಿಸಿರಲಿಲ್ಲ. ಎದ್ದು ಹೋಗಿ ತಟ್ಟಿದರು, ಅಲ್ಲಾಡಿಸಿದರು. ಕಲ್ಲಿನ ಹಾಗಿತ್ತು. ಕೊನೆಗೆ ಗರಗಸ ತರಿಸಿ ಆ ಕೂಡುಭಾಗವನ್ನು ತಾವೇ ಕೊಯ್ದರು. ಒಳಗಿನ ಬೆಣೆ ಉದ್ದಕ್ಕೆ ಸೀಳಿತ್ತು, ಕೂದಲೆಳೆಯಷ್ಟು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಬುಡದಲ್ಲಿ ನಿಂತಿದ್ದ ಗಡ್ಡದವನು ಕಿವಿಯವರೆಗೂ ಕೆಂಪಾಗಿದ್ದ. "ನಂದು," ಅಂದ. "ಸಂಜೆಯೊಳಗೆ ಬೇರೆ ಮಾಡಿ ಕೊಡ್ತೀನಿ." ಯಾರೂ ಅವನನ್ನು ಬೈಯಲಿಲ್ಲ. ಅವನೇ ಮುರುಕು ಏಣಿಯನ್ನು ಹೆಗಲ ಮೇಲೆ ಹೊತ್ತು ಒಳಗೆ ಹೋದ.

ಯಜಮಾನರು ಕೈಚೀಲದಿಂದ ಮುದ್ರೆಯನ್ನು ತೆಗೆದರು. ಅದರ ಮರದ ಹಿಡಿ ಅವರ ಅಂಗೈಯ ಆಕಾರಕ್ಕೆ ಸವೆದಿತ್ತು.

"ಇದರ ಹಿಡಿ ಸವೆದಿದೆ, ಬೇಗ ಕಾದುಬಿಡುತ್ತೆ," ಅಂದರು. "ಬಟ್ಟೆ ಸುತ್ಕೊಂಡು ಹಿಡ್ಕೋ. ಒತ್ತಿ ಮೂರು ಎಣಿಸು. ನಾಲ್ಕಾದ್ರೆ ಮರ ಕರಕಲಾಗುತ್ತೆ."

ಅಳತೆಯಕ್ಕ ಮುದ್ರೆಯನ್ನೂ ಅವರನ್ನೂ ನೋಡಿದಳು. ಹೋಗಿ ಬಟ್ಟೆ ಹುಡುಕಿಕೊಂಡು ಬಂದಳು. ಮೊದಲನೆಯದನ್ನು ಒತ್ತುವಾಗ ಬಟ್ಟೆ ಜಾರಿ ಗುರುತು ಓರೆಯಾಯಿತು. ಯಜಮಾನರ ಕೈ ತಾನಾಗಿ ಮುಂದೆ ಹೋಯಿತು. ಆ ಕೈಯನ್ನು ಜೇಬಿಗೆ ಹಾಕಿಕೊಂಡರು.

ಗುರುವಾರ ಲಾರಿ ಬಂದು ಅರವತ್ತನ್ನೂ ಹೊತ್ತು ಹೋದದ್ದು ಅವರಿಗೆ ಮಧ್ಯಾಹ್ನ ಗೊತ್ತಾಯಿತು. ಅಷ್ಟು ಹೊತ್ತೂ ಅವರು ಮಂಡಿಯ ವೈದ್ಯರ ಮುಂದೆ, ಎರಡು ವರ್ಷದಿಂದ ಮುಂದೂಡಿದ್ದ ಸರದಿಯಲ್ಲಿ ಕೂತಿದ್ದರು.

ಭಾನುವಾರ ಮನೆಯ ನಡುಕೋಣೆಯ ಚಾವಣಿಗೆ ಬಣ್ಣ ಹೊಡೆಯಲು ಭಾವ ಬಂದ. ಲಾರಿಗೆ ಹಾಕದೆ ಉಳಿಸಿಕೊಂಡು ಕಾರ್ಖಾನೆಯಿಂದ ತರಿಸಿದ ಹೊಸ ಏಣಿ ಗೋಡೆಗೆ ಒರಗಿತ್ತು. ಅವನು ಹತ್ತೊಂಬತ್ತು ವರ್ಷದಿಂದ ಕೇಳುವ ಮಾತನ್ನೇ ಕೇಳಿದ.

"ಇದನ್ನ ನೀನು ಹತ್ತಿದ್ಯಾ?"

"ಇಲ್ಲ," ಅಂದರು ಯಜಮಾನರು.

ಭಾವ ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. "ಓರೆ ಇದೆ."

"ಅವಳು ಒತ್ತಿದ್ದು. ಮೊದಲನೇದು."

ಭಾವ ಬಣ್ಣದ ಡಬ್ಬಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಕುಂಟುಗಾಲನ್ನೇ ಮೊದಲು ಎತ್ತಿಟ್ಟ. ಯಜಮಾನರು ಏಣಿಯ ಎರಡೂ ಮರಗಳನ್ನು ಬಿಗಿಯಾಗಿ ಹಿಡಿದರು. ಮೂರು. ಐದು. ಎಂಟು.

"ಲೋ ಭಾಮೈದ," ಮೇಲಿನಿಂದ ದನಿ ಬಂತು. "ಬ್ರಷ್ ಕಿಟಕಿ ಹತ್ರಾನೇ ಬಿಟ್ಟೆ. ಕೊಡು."

ಕಿಟಕಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಯಜಮಾನರು ಒಂದು ಕೈ ಬಿಟ್ಟರು, ಆಮೇಲೆ ಇನ್ನೊಂದು. ಬೆನ್ನು ತಿರುಗಿಸಿ ನಡೆದರು. ಹಿಂದೆ ಡಬ್ಬಿಯ ಹಿಡಿ ಕಿಣಿಕಿಣಿ ಅಂದಿತು. ಭಾವ ಭಾರವನ್ನು ಎಡದಿಂದ ಬಲಕ್ಕೆ ಹೊರಳಿಸಿದ. ಮರ ಮಾತಾಡಲಿಲ್ಲ. ಅವರು ಬ್ರಷ್ಷನ್ನು ತಂದು ಎತ್ತಿ ಹಿಡಿದು, ತಲೆಯೆತ್ತಿ ನೋಡುತ್ತ ನಿಂತರು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಬಣ್ಣದ ಒಂದು ಹನಿ, ಏಣಿಯನ್ನು ಹಿಡಿಯದೆ ಖಾಲಿ ಬಿಟ್ಟಿದ್ದ ಅವರ ಕೈ ಮೇಲೆ ಬಂದು ಬಿತ್ತು.