ಊರಿಗೆಲ್ಲ ಗೊತ್ತಿದ್ದ ಪಾಸ್‌ವರ್ಡ್

ನಮ್ಮ ಕಡೆ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಹೊಲಕ್ಕೆ ಹೋಗುತ್ತಾರೆ. ಕೈ ಗೂಡಿನಲ್ಲಿದೆ ಅಂತ ಬೀದಿಗೆಲ್ಲ ಗೊತ್ತು. ಹಾಗಾದರೆ ಬೀಗ ಯಾಕೆ ಹಾಕಿದಿರಿ ಅಂತ ಕೇಳಿ ನೋಡಿ. "ಆಕ್ದೆ ಓದ್ರೆ ಜನ ಏನಂತಾರೆ?" ಅನ್ನುತ್ತಾರೆ. ಅದೇ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಪಕ್ಕದ ಮನೆಯವರ ಮುಖ ಊದಿಕೊಳ್ಳುತ್ತದೆ. "ನಾವೇನು ಕಳ್ರಾ?"

ಇರಲಿ. ಮನೆಯಲ್ಲಿ ಇರುವುದು ನಾಲ್ಕು ಪಾತ್ರೆ, ರಾಗಿ ಮೂಟೆ. ಆದರೆ ಇದೇ ಬುದ್ಧಿ ಬಸ್ಸು ಹತ್ತಿ, ರೈಲು ಹತ್ತಿ, ಕೋಲಾರದ ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿರುವ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೂ ಬಂದು ಕೂತಿತ್ತು. ಅದರಿಂದ ಒಂದು ಹುಡುಗಿಯ ಓದೇ ನಿಂತುಹೋಗುವುದರಲ್ಲಿತ್ತು. ನಾನು ಆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ನಡೆದದ್ದನ್ನು ಕಣ್ಣಾರೆ ಕಂಡೆ. ಬರೆಯಲು ಕೂತರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಏರಲಿ, ಬರೆಯುತ್ತೇನೆ.

ಹುಡುಗಿಯ ಹೆಸರು ಮುನಿರತ್ನಮ್ಮ. ಬೂದಿಕೋಟೆ ಪಕ್ಕದ ಹಳ್ಳಿಯವಳು. ತಂದೆ ಅಶ್ವತ್ಥಪ್ಪ ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಅವಳು ಬೆಳಗ್ಗೆ ಹಾಲು ಕರೆದು, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಕಂಪ್ಯೂಟರ್ ಅಂದರೆ ಅವಳಿಗೆ ಪ್ರಾಣ.

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನೆಲ್ಲ ತಂತಿಯಿಂದ ಒಂದು ದೊಡ್ಡ ಯಂತ್ರಕ್ಕೆ ಸೇರಿಸಿದ್ದರು. ಅದಕ್ಕೆ ಸರ್ವರ್ ಅನ್ನುತ್ತಾರೆ. ಮಕ್ಕಳೆಲ್ಲ ಮಾಡಿದ ಕೆಲಸ ಅದರ ಹೊಟ್ಟೆಯಲ್ಲೇ ಇರುತ್ತದೆ. ಒಳಗೆ ಹೋಗಬೇಕಾದರೆ ತನ್ನ ಹೆಸರು ಹೇಳಬೇಕು, ಆಮೇಲೆ ಒಂದು ಗುಟ್ಟಿನ ಮಾತು ಹೇಳಬೇಕು. ಅದೇ ಪಾಸ್‌ವರ್ಡ್. ಮುನಿರತ್ನಮ್ಮನ ಗುಟ್ಟಿನ ಮಾತು 'ಗೌರಿ'. ಅವರ ಮನೆಯ ಹಸುವಿನ ಹೆಸರು. ಇಡೀ ತರಗತಿಗೆ ಅದು ಗೊತ್ತಿತ್ತು. ಯಾರು ಕೇಳಿದರೂ ಹೇಳುತ್ತಿದ್ದಳು. "ಕೇಳ್ದೋರ್ಗೆ ಇಲ್ಲ ಅನ್ನಕಾಯ್ತದಾ ಸಾರ್?" ಅನ್ನುತ್ತಿದ್ದಳು.

ಅವಳೊಬ್ಬಳೇ ಅಂತ ತಿಳಿಯಬೇಡಿ. ಎಲ್ಲರದೂ ಎಲ್ಲರಿಗೂ ಗೊತ್ತಿತ್ತು.

ಯಾರು ಯಾವ ಫೈಲು ನೋಡಬಹುದು, ಯಾರು ಅಳಿಸಬಹುದು ಅಂತ ಸರ್ವರಿನಲ್ಲಿ ಗೊತ್ತುಮಾಡಬಹುದು. ಅದನ್ನು ನೋಡಿಕೊಳ್ಳುವುದೇ ಕಂಪ್ಯೂಟರ್ ಆಡಳಿತ. ನಮ್ಮಲ್ಲಿ ಆ ಯಜಮಾನಿಕೆಯನ್ನು ಪ್ರಿನ್ಸಿಪಾಲ್ ರಾಮಚಂದ್ರಪ್ಪನವರೇ ಇಟ್ಟುಕೊಂಡಿದ್ದರು. ಕೆಲಸಕ್ಕಲ್ಲ, ಗತ್ತಿಗೆ. ಮಕ್ಕಳು ಪದೇ ಪದೇ ಬಂದು "ಫೈಲ್ ತೆರೀತಿಲ್ಲ ಸಾರ್" ಅಂದದ್ದಕ್ಕೆ ಬೇಜಾರಾಗಿ, ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟುಬಿಟ್ಟಿದ್ದರು. ಯಾರು ಬೇಕಾದರೂ ಯಾರದ್ದನ್ನು ಬೇಕಾದರೂ ಅಳಿಸಬಹುದು. ಪೀಡೆ ಕಳೆಯಿತು ಅಂದುಕೊಂಡರು ಮಹಾನುಭಾವರು!

ಕಂಪ್ಯೂಟರ್ ಪಾಠ ಮಾಡುವ ಮಾರಿಯಮ್ಮ ಮೇಡಂ ಮೊದಲೇ ಬಡಕೊಂಡಿದ್ದರು. ಅವರು ಉರಿಗಾಂನ ಗಣಿ ಕೂಲಿಗಳ ಲೈನು ಮನೆಗಳಲ್ಲೇ ಹುಟ್ಟಿ ಬೆಳೆದವರು.

"ಸಾರ್, ಮಕ್ಕಳಿಗೆ ಸರ್ವರ್ ನೋಡಿಕೊಳ್ಳೋದು, ಭದ್ರತೆ, ಎರಡೂ ಕಲಿಸ್ತೀನಿ. ಶನಿವಾರ ಒಂದು ತರಗತಿ ಕೊಡಿ ಸಾಕು" ಅಂದಿದ್ದರು.

"ಪರೀಕ್ಷೆಗೆ ಬರುತ್ತದೇನಮ್ಮ ಅದು?"

"ಇಲ್ಲ ಸಾರ್."

"ಮತ್ತೆ? ಬೀಗದ ವಿದ್ಯೆ ಹೇಳಿಕೊಟ್ಟರೆ ಮಕ್ಕಳು ಕಳ್ಳರಾಗ್ತಾರೆ. ಸುಮ್ಮನೆ ಸಿಲಬಸ್ ಮುಗಿಸಮ್ಮ."

ಮಾತು ಅಲ್ಲಿಗೆ ಮುಗಿಯಿತು.

ಆಯುಧಪೂಜೆ ಕಳೆದ ಮೇಲೆ ಒಂದು ಸೋಮವಾರ ಕೊನೆಯ ವರ್ಷದ ಮಕ್ಕಳು ಲ್ಯಾಬಿಗೆ ಬಂದರೆ, ಅವರ ಪ್ರಾಜೆಕ್ಟುಗಳೇ ಇಲ್ಲ! ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಸರ್ವರಿನಿಂದ ಅಳಿಸಿಹೋಗಿತ್ತು. ಹುಡುಗರು ತಲೆ ಮೇಲೆ ಕೈ ಹೊತ್ತು ಕೂತರು. ಒಬ್ಬಳು ಗೋಡೆಗೆ ಒರಗಿ ಅಳುತ್ತಿದ್ದಳು.

ಇಂಥ ದಿನಕ್ಕಂತಲೇ ಎಲ್ಲವನ್ನೂ ಇನ್ನೊಂದು ಪ್ರತಿ ಮಾಡಿಡಲು ಟೇಪು ಕೊಂಡಿದ್ದರು. ಅದು ಎಲ್ಲಿತ್ತು ಗೊತ್ತೇ? ದುಬಾರಿ ಸಾಮಾನು ಹಾಳಾದೀತು ಅಂತ ಪ್ರಿನ್ಸಿಪಾಲರ ಬೀರುವಿನಲ್ಲಿ ಭದ್ರವಾಗಿತ್ತು. ಆಯುಧಪೂಜೆಗೆ ಹೊರಗೆ ತೆಗೆದು, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಒಳಗಿಟ್ಟಿದ್ದರು. ಡಬ್ಬಿಯ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕುಂಕುಮ ಇಟ್ಟರೆ ಸಾಕೇ? ಪೂಜೆ ಮಾಡಿದ ನೇಗಿಲು ತಾನಾಗಿಯೇ ಹೋಗಿ ಹೊಲ ಉಳುತ್ತದೆಯೇ?

ಯಾರು ಅಳಿಸಿದರು ಅಂತ ಸರ್ವರನ್ನು ಕೇಳಿದರೆ ಅದು ಒಂದೇ ಹೆಸರು ಹೇಳಿತು. ಮುನಿರತ್ನಮ್ಮ.

"ನಾನಲ್ಲ ಸಾರ್, ದೇವ್ರಾಣೆ ನಾನಲ್ಲ" ಅಂತ ಹುಡುಗಿ ಗೋಗರೆದಳು. ಯಾರು ಕೇಳುತ್ತಾರೆ? ಹೆಸರು ಅವಳದು. ಟಿ.ಸಿ. ಕೊಟ್ಟು ಮನೆಗೆ ಕಳಿಸುವುದೆಂದು ಪ್ರಿನ್ಸಿಪಾಲರು ತೀರ್ಮಾನ ಮಾಡಿದರು. ಕೆಟ್ಟ ಹೆಸರು ಹೊತ್ತು ಹೊರಗೆ ಹೋದ ಹುಡುಗಿಯನ್ನು ಬೇರೆ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ? ಬೂದಿಕೋಟೆ ಬಸ್ಸಿನ ಕಂಡಕ್ಟರ್ ಕೈಲಿ ಅವಳ ತಂದೆಗೆ ಹೇಳಿಕಳಿಸಿದರು.

ಮಾರನೆಯ ದಿನ ಅಶ್ವತ್ಥಪ್ಪ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಖಾಲಿ ಕುರ್ಚಿಗಳಿದ್ದರೂ ಕೂತ್ಕೋ ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಿಲ್ಲಿಸಿಯೇ ಬೈದು, ಟಿ.ಸಿ. ಬರೆಯುವವರೆಗೂ ಹೊರಗಿರಿ ಅಂತ ಕಳಿಸಿದರು. ಮನುಷ್ಯ ಜಗಲಿಯ ಮೇಲೆ ಮಗಳ ಪಕ್ಕ ಕುಸಿದು ಕೂತರು.

ಮಾರಿಯಮ್ಮ ಮೇಡಂ ಅಪ್ಪ ಮಗಳ ಹತ್ತಿರ ಹೋದರು. ನಾನೂ ಹೋದೆ.

"ಬುಟ್ಬುಡಿ ಮೇಡಮ್ಮ" ಅಂದರು ಅಶ್ವತ್ಥಪ್ಪ. "ಈ ಮಿಶೀನಿನ ಸಾವಾಸಾನೇ ಬ್ಯಾಡ. ಊರ್ಗೆ ಕರ್ಕಂಡು ಓಯ್ತೀನಿ. ನನ್ ಮಗ್ಳು ಏನ್ ತಪ್ ಮಾಡವ್ಳೆ? ಸ್ನೇಯ್ತೆ ಕೇಳುದ್ಲು, ಏಳುದ್ಲು. ನಮ್ ಮನೇಲಿ ಕೇಳ್ದೋರ್ಗೆ ಇಲ್ಲ ಅಂದೋರೇ ಇಲ್ಲ. ಕೊಡಾದು ತಪ್ಪಾ?"

"ತಪ್ಪು ಅಣ್ಣಾ" ಅಂದರು ಮೇಡಂ.

ಅಶ್ವತ್ಥಪ್ಪನ ಮುಖ ಕೆಂಪಾಯಿತು. ಮೇಡಂ ಅವರ ಮುಖ ಅದಕ್ಕಿಂತ ಕೆಂಪಾಗಿತ್ತು.

"ಕೇಳಿ ಅಣ್ಣಾ. ಗಣಿಗೆ ಇಳಿಯೋ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಟೋಕನ್ ಇರುತ್ತೆ. ಮೇಲೆ ಕೊಟ್ಟು ಇಳೀಬೇಕು. ಹತ್ತಿ ಬಂದ ಮೇಲೆ ವಾಪಸ್ ಇಸ್ಕೋಬೇಕು. ಟೋಕನ್ ಅಲ್ಲೇ ಉಳೀತು ಅಂದ್ರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಅಂತ ಅರ್ಥ. ನಮ್ಮಪ್ಪನ ತಮ್ಮ ಕುಪ್ಪುಸ್ವಾಮಿ ಅಂತ ಇದ್ದರು, ನಮ್ಮ ಚಿತ್ತಪ್ಪ. ಪಕ್ಕದ ಮನೆಯವನಿಗೆ ಜ್ವರ ಬಂತು. ಅವನ ಕೆಲಸ ತಪ್ಪಬಾರದು ಅಂತ ಚಿತ್ತಪ್ಪ ಅವನ ಟೋಕನ್ ಕೊಟ್ಟು ಇಳಿದರು. ಸ್ನೇಹಕ್ಕೇ ಅಣ್ಣಾ! ನೀವು ಹೇಳ್ತೀರಲ್ಲ, ಕೊಡೋದು ತಪ್ಪಾ ಅಂತ, ಹಾಗೇ."

ಅಶ್ವತ್ಥಪ್ಪ ತಲೆ ಎತ್ತಿದರು.

"ಒಳಗೆ ಬಂಡೆ ಸಿಡೀತು. ಮೇಲೆ ಉಳಿದ ಟೋಕನ್ ನೋಡಿ ಪಕ್ಕದ ಮನೆಗೆ ಹೇಳಿಕಳಿಸಿದರು. ಆ ಯಮ್ಮ, 'ನನ್ನ ಗಂಡ ಎದುರಿಗೇ ಮಲಗಿದ್ದಾನೆ, ಬಾಯಿಗೆ ಬಂದಂಗೆ ಏನು ಹೇಳ್ತೀಯ' ಅಂತ ಬೈದು ಓಡಿಸಿದಳು. ಟೋಕನ್ ಕೊಟ್ಟಿದ್ದು ಆಕೆಗೆ ಗೊತ್ತಿರಲಿಲ್ಲ, ಗಂಡನಿಗೆ ಜ್ವರದಲ್ಲಿ ಎಚ್ಚರ ಇರಲಿಲ್ಲ. ಸರಿ, ಎಲ್ಲೋ ಲೆಕ್ಕ ತಪ್ಪಿದೆ, ಒಳಗೆ ಯಾರೂ ಇಲ್ಲ ಅಂದುಕೊಂಡರು. ಹುಡುಕೋಕೆ ಯಾರೂ ಇಳೀಲಿಲ್ಲ ಅಣ್ಣಾ. ಚಿತ್ತಪ್ಪ ಉಸಿರಾಡ್ತಾ ಇದ್ದಾಗ ಯಾರೂ ಇಳೀಲಿಲ್ಲ. ಗೊತ್ತಾಗಿ ಇಳಿಯೋ ಹೊತ್ತಿಗೆ ಮುಗಿದಿತ್ತು."

ಅಶ್ವತ್ಥಪ್ಪ ಹೆಗಲ ಮೇಲಿನ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಪಾಸ್‌ವರ್ಡ್ ಅಂದ್ರೆ ನಿನ್ನ ಟೋಕನ್ ಕಣೇ" ಅಂತ ಮೇಡಂ ಮುನಿರತ್ನಮ್ಮನ ಕಡೆ ತಿರುಗಿದರು. "ನಿನ್ನ ಹೆಸರು ಹೊತ್ತು ಯಾರೋ ಇಳಿದರು. ಮೇಲೆ ಸಿಕ್ಕಿಹಾಕಿಕೊಂಡವಳು ನೀನು. ಕೇಳಿದ್ರೆ ಅನ್ನ ಕೊಡು, ಮಜ್ಜಿಗೆ ಕೊಡು. ನಿನ್ನ ಹೆಸರು ಕೊಡಬೇಡ!"

ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಮೇಡಂ ಅವಳನ್ನು ಸಮಾಧಾನ ಮಾಡಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ಸೀದಾ ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು.

"ಸಾರ್, ಟಿ.ಸಿ.ಗೆ ಸಹಿ ಹಾಕೋ ಮುಂಚೆ ಒಂದು ಸಲ ಲ್ಯಾಬಿಗೆ ಬನ್ನಿ."

"ಯಾಕಮ್ಮ?"

"ಬನ್ನಿ ಸಾರ್."

ಆ ದನಿಗೆ ಎದುರಾಡಲು ಅವರಿಗೂ ಆಗಲಿಲ್ಲ. ನಾವೆಲ್ಲ ಹಿಂದೆ ಹೋದೆವು. ಲ್ಯಾಬಿನ ತುಂಬ ಮಕ್ಕಳಿದ್ದರು.

"ಪ್ರಿನ್ಸಿಪಾಲ್ ಸಾರ್ ಪಾಸ್‌ವರ್ಡ್ ಯಾರಿಗೆ ಗೊತ್ತು?" ಅಂತ ಕೇಳಿದರು ಮೇಡಂ.

ಮಕ್ಕಳು ತಲೆ ತಗ್ಗಿಸಿದರು.

"ಯಾರನ್ನೂ ಬೈಯಲ್ಲ. ಹೇಳಿ."

ಮೂಲೆಯಿಂದ ಒಬ್ಬ ಶುರುಮಾಡಿದ. ಇನ್ನೊಬ್ಬಳು ದನಿಗೂಡಿಸಿದಳು. ಆಮೇಲೆ ಇಡೀ ಲ್ಯಾಬು ಮಗ್ಗಿ ಹೇಳಿದ ಹಾಗೆ ಒಟ್ಟಿಗೆ ಹೇಳಿತು. ಅದು ಪ್ರಿನ್ಸಿಪಾಲರ ಸ್ಕೂಟರ್ ನಂಬರು! ಆ ಸ್ಕೂಟರು ದಿನಾ ಕಾಲೇಜಿನ ಬಾಗಿಲಲ್ಲೇ ನಿಂತಿರುತ್ತಿತ್ತು.

ಮೇಡಂ ಕಂಪ್ಯೂಟರಿನ ಮುಂದೆ ಕೂತು ಅದನ್ನೇ ಬಡಿದರು. ಸರ್ವರಿನ ಬಾಗಿಲು ತೆರೆದುಕೊಂಡಿತು. ಪರದೆಯ ಮೇಲೆ ರಾಮಚಂದ್ರಪ್ಪ ಅಂತ ಹೆಸರು ಬಂತು.

"ಈಗ ನಾನು ಇಲ್ಲಿರೋದನ್ನೆಲ್ಲ ಅಳಿಸಿದರೆ ಸರ್ವರ್ ಯಾರ ಹೆಸರು ಹೇಳುತ್ತೆ ಸಾರ್? ನಿಮಗೆ ಟಿ.ಸಿ. ಯಾರು ಕೊಡ್ತಾರೆ?"

ಪ್ರಿನ್ಸಿಪಾಲರು ಬಗ್ಗಿ ಪರದೆಯ ಮೇಲಿನ ತಮ್ಮ ಹೆಸರನ್ನು ನೋಡಿದರು. ಕೊನೆಗೆ, "ಹಾಗಾದರೆ ಅಳಿಸಿದವರು ಯಾರಮ್ಮ?" ಅಂದರು.

"ಗೊತ್ತಿಲ್ಲ ಸಾರ್. ಇನ್ನು ಗೊತ್ತಾಗೋದೂ ಇಲ್ಲ. ಎಲ್ಲರ ಕೈಲೂ ಎಲ್ಲರ ಬೀಗದ ಕೈ ಇದ್ದ ಮೇಲೆ ಯಾರನ್ನ ಹಿಡೀತೀರಿ? ಬೀಗದ ವಿದ್ಯೆ ಕಲಿಸಿದರೆ ಕಳ್ಳರಾಗ್ತಾರೆ ಅಂದಿರಿ. ಕಳ್ಳನಿಗೆ ಆಗಲೇ ಗೊತ್ತಿತ್ತು ಸಾರ್. ಗೊತ್ತಿಲ್ಲದೇ ಇದ್ದದ್ದು ಮನೆಯವರಿಗೆ."

ಟಿ.ಸಿ. ಕೈಯಲ್ಲೇ ಇತ್ತು. ಪ್ರಿನ್ಸಿಪಾಲರು ಅದನ್ನು ಮಡಿಸಿದರು, ಮತ್ತೆ ಮಡಿಸಿದರು, ಜೇಬಿಗೆ ಹಾಕಿಕೊಂಡರು. "ಶನಿವಾರ ಕಲಿಸಮ್ಮ" ಅಂದರು. ಆಮೇಲೆ ಅಶ್ವತ್ಥಪ್ಪನ ಕಡೆ ನೋಡಿ, "ಕೂತ್ಕೊಳ್ಳಿ" ಅಂದರು. ಈಗ ನೆನಪಾಯಿತು ಕುರ್ಚಿ!

ಕಳೆದುಹೋದ ಪ್ರಾಜೆಕ್ಟುಗಳು ಮಾತ್ರ ಬರಲಿಲ್ಲ. ಕೊನೆಯ ವರ್ಷದ ಮಕ್ಕಳು ನಿದ್ದೆಗೆಟ್ಟು ಮತ್ತೆ ಮಾಡಿದರು. ಕೆಲವರಿಗೆ ಆಗಲೇ ಇಲ್ಲ, ಆ ವರ್ಷ ಹೋಯಿತು. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ.

ಶನಿವಾರ ಮಾರಿಯಮ್ಮ ಮೇಡಂ ಪಾಠ ಶುರುಮಾಡಿದರು. ಎಲ್ಲರ ಹಳೆಯ ಪಾಸ್‌ವರ್ಡ್ ತೆಗೆಸಿದರು. ಹಸುವಿನ ಹೆಸರು ಬೇಡ, ಸ್ಕೂಟರ್ ನಂಬರ್ ಬೇಡ, ಊಹೆಗೆ ಸಿಗದ್ದು ಇಡಿ ಅಂದರು. ಯಾರಿಗೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡುವುದನ್ನು ಮಕ್ಕಳ ಕೈಲೇ ಮಾಡಿಸಿದರು. ಬೀರುವಿನಿಂದ ಟೇಪು ಹೊರಗೆ ಬಂತು. ದಿನಾ ಸಂಜೆ ಹೊರಡುವ ಮುಂಚೆ ಎಲ್ಲವನ್ನೂ ಅದರ ಮೇಲೆ ಪ್ರತಿ ಮಾಡುವ ಕೆಲಸಕ್ಕೆ ಮುನಿರತ್ನಮ್ಮ ತಾನಾಗಿ ಕೈ ಎತ್ತಿದಳು. ಪಕ್ಕದಲ್ಲಿ ಕೂತ ಗೆಳತಿ ಮೆಲ್ಲಗೆ, "ಏನ್ ಇಟ್ಟೆ ಕಣೇ?" ಅಂತ ಕೇಳಿದಳು.

"ಏಳಲ್ಲ."

"ನನ್ಗೂನಾ?"

"ನಿನ್ಗೂ ಏಳಲ್ಲ."

ಗೆಳತಿ ಮುಖ ತಿರುಗಿಸಿಕೊಂಡಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಹೋದಳು.

ಆವತ್ತು ಅಶ್ವತ್ಥಪ್ಪ ಬಂಗಾರಪೇಟೆಗೆ ಹಿಂಡಿ ಕೊಳ್ಳಲು ಬಂದಿದ್ದರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಗಳಿಗೆ ಕಾದಿದ್ದರು. ನಾನೂ ಅಲ್ಲೇ ಇದ್ದೆ.

"ಏನಮ್ಮಯ್ಯಾ, ಒಸ ಪಾಸ್‌ವರ್ಡ್ ಇಟ್ಯಾ? ಯಾವ್ ಅಸೀನ ಎಸ್ರು?"

"ಏಳಲ್ಲಪ್ಪ."

"ಎತ್ತ ಅಪ್ಪಂಗೂ ಏಳಲ್ವಾ?"

"ಊಂ. ಎತ್ತ ಅಪ್ಪಂಗೂ ಏಳಲ್ಲ."

ಅಶ್ವತ್ಥಪ್ಪ ಹಿಂಡಿ ಮೂಟೆಯನ್ನು ಹೆಗಲಿಗೇರಿಸಿದರು. ನನ್ನ ಕಡೆ ತಿರುಗಿ, "ಈಗ ಕಲ್ತವ್ಳೆ ಸಾರ್. ಇನ್ ಬುಡುಸಲ್ಲ, ಓದ್ಲಿ" ಅಂದರು. ಬಸ್ಸು ಬಂತು, ಅಪ್ಪ ಮಗಳು ಹತ್ತಿ ಹೋದರು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು? ನಾಳೆಯೇ ಬದಲಾಯಿಸಿ. ಕೇಳಿದವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಹೆತ್ತವರೇ, ಕಾಲೇಜಿಗೆ ಹೋದಾಗ ಕಂಪ್ಯೂಟರ್ ಎಷ್ಟಿವೆ ಅಂತ ಕೇಳಬೇಡಿ. ಅವನ್ನು ನೋಡಿಕೊಳ್ಳುವುದನ್ನು, ಕಾಪಾಡುವುದನ್ನು ನಮ್ಮ ಮಕ್ಕಳಿಗೆ ಕಲಿಸುತ್ತೀರಾ ಅಂತ ಕೇಳಿ. ಕುರ್ಚಿ ಕೊಡದಿದ್ದರೆ ನಿಂತುಕೊಂಡೇ ಕೇಳಿ. ಮೇಷ್ಟ್ರುಗಳೇ, ಯಂತ್ರಕ್ಕೆ ಕುಂಕುಮ ಇಟ್ಟದ್ದು ಸಾಕು, ಪಾಠ ಶುರುಮಾಡಿ.