ಹಾಜಿರಾಳ ಜಾಡಿಯಲ್ಲಿ ಯಾರು ಯಾರು?

ಬಾಳ್ಳುಪೇಟೆಯ ಕಾಫಿ ವ್ಯಾಪಾರಿ ಯಾಕೂಬ್ ತನ್ನ ಪುಟ್ಟ ತೋಟದ ಗಿಡಗಳ ರಸ ಹೀರುವ ಬಿಳಿ ಹಿಟ್ಟುತಿಗಣೆಗಳನ್ನು ತಿಂದು ಮುಗಿಸಲೆಂದು ಒಂದು ಡಬ್ಬಿ ಗುಲಗಂಜಿ ಹುಳ ತಂದಿದ್ದ. ಗುಲಗಂಜಿ ಎನ್ನುವುದು ಹೆಸರಿಗಷ್ಟೇ. ಇವಕ್ಕೆ ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ, ಕರಿ ಮೈಗೆ ಕಿತ್ತಳೆ ತಲೆ. ಗಿಡಕ್ಕೆ ಬಿಡಬೇಕಾದ ಹುಳವನ್ನು ತಲೆಗೆ ಬಿಟ್ಟುಕೊಂಡವಳು ಅವನ ಹೆಂಡತಿ ಹಾಜಿರಾ. ಒಂದಿಷ್ಟನ್ನು ಗಾಜಿನ ಜಾಡಿಯಲ್ಲಿ ಉಳಿಸಿಕೊಂಡಳು. ಜಾಡಿಯ ಬಾಯಿಗೆ ಹಳೇ ದುಪಟ್ಟಾ ಕಟ್ಟಿ, ನೆನೆಸಿದ ದ್ರಾಕ್ಷಿ, ಒದ್ದೆ ಹತ್ತಿ, ತಿಗಣೆ ಹತ್ತಿದ ಕಾಫಿ ರೆಂಬೆ ಕೊಟ್ಟು ಸಾಕತೊಡಗಿದಳು. ಗಂಡ "ಸಾಕು" ಎಂದರೆ "ಸಾಕ್ತಾನೇ ಇದ್ದೀನಲ್ಲ" ಎನ್ನುತ್ತಿದ್ದಳು.

ಹುಳಗಳು ಒಂದೊಂದಾಗಿ ಸತ್ತವು. ಕೊನೆಯದು ಹೋದ ದಿನ ಹಾಜಿರಾ ಊಟ ಬಿಟ್ಟಳು. ಮೊಟ್ಟೆ ಇಟ್ಟಿರಬಹುದು, ಮರಿ ಬರಬಹುದು ಎನ್ನುವುದೊಂದೇ ಆಸೆ. ಕರಿ ಮೈ, ಕಿತ್ತಳೆ ತಲೆಯ ಪುಟಾಣಿಗಳಿಗಾಗಿ ಜಾಡಿಯ ಮುಂದೆ ಕಾದು ಕೂತಳು. ಕಂಡದ್ದು ಬರೀ ಬಿಳಿ ತಿಗಣೆ. ಅದರಲ್ಲೂ ಕೆಲವು ದಿನೇ ದಿನೇ ದಪ್ಪಗಾಗತೊಡಗಿದವು.

"ತಿನ್ನೋರಿಲ್ಲ ಅಂತ ಕೊಬ್ಬವೆ ಕಣೇ. ಮರಿ ಹುಟ್ಟಿದ್ರೆ ಇವೇ ನುಂಗ್ಬುಡ್ತವೆ" ಎಂದ ಯಾಕೂಬ್, ದಪ್ಪನೆಯವನ್ನೇ ಆರಿಸಿ ಬೆಂಕಿಕಡ್ಡಿಯಿಂದ ಸೀಮೆಎಣ್ಣೆ ಬಟ್ಟಲಿಗೆ ಹಾಕಿದ. ತೋಟದವನಿಗೆ ಗಿಡದ ಮೇಲೆ ಬಿಳಿ ಹಿಟ್ಟು ಕಂಡರೆ ಕೈ ಸುಮ್ಮನಿರದು. ಹಾಜಿರಾ ಬೇರೆ "ಅಲ್ಲೊಂದೈತೆ, ಅಗೋ ಅಲ್ಲೊಂದೈತೆ" ಎಂದು ಬೆರಳು ತೋರಿಸಿದಳು.

ಕೊನೆಗೆ ಉಳಿದ ದಪ್ಪ ಬಿಳಿಯೊಂದು ಕಡ್ಡಿ ತಪ್ಪಿಸಿಕೊಂಡು ರೆಂಬೆಯ ಮೇಲೆ ಓಡಿತು. ಓಡಿದ್ದಲ್ಲದೆ, ಪಕ್ಕದ ಸಣ್ಣ ತಿಗಣೆಯನ್ನು ಹಿಡಿದು ತಿಂದಿತು.

"ಇದೇನೇ, ತಿಗಣೆ ತಿಗಣೇನೇ ತಿಂತಾ ಐತೆ?"

ಹಾಜಿರಾ ಗಾಜಿಗೆ ಮೂಗು ಒತ್ತಿದಳು. "ತಿಗಣೆ ತಿನ್ನೋದು ಯಾರ್ರೀ?"

"ಗುಲಗಂಜಿ ಹುಳ."

"ಮತ್ತೆ ಇದು?"

ಯಾಕೂಬ್ ಕಡ್ಡಿ ಕೆಳಗಿಟ್ಟ. ತಿಗಣೆಯ ವೇಷ ತೊಟ್ಟು ತಿಗಣೆಯನ್ನೇ ತಿನ್ನುವ ಮರಿ! ಬಟ್ಟಲಿನ ಕಡೆ ಇಬ್ಬರೂ ನೋಡಲಿಲ್ಲ.

"ನಾನೇ ತೋರ್ಸಿ ತೋರ್ಸಿ ತೆಗಿಸ್ಬುಟ್ನಲ್ರೀ..."

ಮಾರನೇ ದಿನ ಜಾಡಿಯ ಮೇವು ಖಾಲಿ. ತೋಟದಲ್ಲೂ ತಿಗಣೆ ಇಲ್ಲ. ಅಲ್ಲಿ ಬಿಟ್ಟ ಹುಳಗಳು ನಿಷ್ಠೆಯಿಂದ ತಿಂದು ಮುಗಿಸಿದ್ದವು. ಉಳಿದ ಒಂದು ಮರಿ ಬೋಳು ರೆಂಬೆಯ ಮೇಲೆ ಅತ್ತಿಂದಿತ್ತ ಅಲೆಯುತ್ತಿತ್ತು. ಯಾಕೂಬ್ ಹತ್ತಿರದ ಪಾಳ್ಯಕ್ಕೆ ಓಡಿದ. ಅಲ್ಲಿ ರಾಗಿ ಹೊಲದ ಅಂಚಿಗೆ ಕಾಫಿ ಹಾಕಿದ್ದ ಪಂಕಜಾಕ್ಷಿ ಪ್ರತಿವರ್ಷ ಅವನಿಗೇ ಬೀಜ ಮಾರುತ್ತಿದ್ದಳು.

"ಪಂಕಜಾಕ್ಷಮ್ಮ, ಗಿಡದಲ್ಲಿ ಹಿಟ್ಟುತಿಗಣೆ ಐತಾ?"

"ಯಾರ್ ಹೇಳಿದ್ದು ನಿಮ್ಗೆ? ಒಂದೇ ಒಂದೂ ಇಲ್ಲ! ರೇಟ್ ಇಳಿಸೋಕೆ ಹಿಂಗೆಲ್ಲಾ ಹೇಳ್ಬೇಡಿ."

"ಅಯ್ಯೋ, ಇದ್ರೆ ಒಂಚೂರು ಕೊಡಿ ಅಂತ ಕೇಳಕ್ ಬಂದೆ."

"ಏನ್ ಮಾಡಕ್ಕೆ?"

"ಮನೇಲಿ ಮಗು ಹಸ್ಕೊಂಡೈತೆ."

ಪಂಕಜಾಕ್ಷಿ ಅವನ ಮುಖವನ್ನೇ ನೋಡಿದಳು. ಆಮೇಲೆ ಬೇಲಿ ಪಕ್ಕದ ಗಿಡದಿಂದ ಬೆಳ್ಳಗಾದ ರೆಂಬೆಯೊಂದನ್ನು ಮುರಿದು, ದೂರದಿಂದಲೇ ಕೈ ಚಾಚಿ ಕೊಟ್ಟಳು. "ಮಾರಾಯ್ರೇ, ಮೊದ್ಲು ಡಾಕ್ಟ್ರಿಗೆ ತೋರ್ಸಿ. ಮಗೂನ ಅಲ್ಲ, ನಿಮ್ಮನ್ನ."

ರೆಂಬೆ ಜಾಡಿಗೆ ಇಳಿದದ್ದೇ ತಡ, ಎಲ್ಲವೂ ಬಿಳಿಯೋ ಬಿಳಿ. ಮರಿ ಮೇವಿನೊಳಗೆ ಮಾಯ.

"ನಮ್ದು ಯಾವ್ದ್ರೀ?"

"ಓಡಾಡೋದು ನಮ್ದು ಕಣೇ."

ಹಾಜಿರಾ ಬಹಳ ಹೊತ್ತು ನೋಡಿದಳು. "ಎರಡು ಓಡಾಡ್ತಾ ಅವೆ!"

ಯಾಕೂಬ್ ಕನ್ನಡಕ ಒರೆಸಿ ನೋಡಿದ. ಹೌದು, ಎರಡು.

"ಇನ್ನೊಂದು ನಮ್ದೇ ಉಳ್ಕೊಂಡಿದ್ದೋ, ಪಂಕಜಾಕ್ಷಮ್ಮನ ಗಿಡದ್ದೋ? ಕೇಳಿ ನೋಡ್ಲಾ?"

"ಸುಮ್ನಿರು ಮಾರಾಯ್ತಿ" ಎಂದು ಯಾಕೂಬ್ ದುಪಟ್ಟಾ ಬಿಗಿಯಾಗಿ ಕಟ್ಟಿದ. "ವಾಪಸ್ ಕೇಳ್ಬುಟ್ರೆ?"