ಉಲ್ಟಾ ಸುತ್ತಿನ ಬೋಗುಣಿಗಳು

ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದನ್ನು ರಜನಿ ಬಿಟ್ಟು ಹದಿನೈದು ವರ್ಷಗಳಾಗಿದ್ದವು. ಲಂಡನ್ನಿನ ಸ್ಟ್ಯಾನ್ಮೋರ್‌ನ ಆ ಬೀದಿಯ ಉಳಿದ ಮನೆಗಳ ಗ್ಯಾರೇಜುಗಳಲ್ಲಿ ಏನಿರುತ್ತದೋ ಇರಲಿ, ಇವರದರಲ್ಲಿ ಮಡಕೆ ಮಾಡಲು ಕರೆಂಟಿನಿಂದ ತಿರುಗುವ ಒಂದು ತಿಗರಿ, ಹಿಂದುಗಡೆ ಅವನ್ನು ಸುಡುವ ಭಟ್ಟಿಯ ಪುಟ್ಟ ಕೋಣೆ, ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ನೀಲಿ ಮೆರುಗು ಹೊತ್ತ ಹನ್ನೊಂದು ದೊಡ್ಡ ಬೋಗುಣಿಗಳು, ಒಂದೊಂದೂ ಕೂಸನ್ನು ಕೂರಿಸಿ ಮೀಯಿಸುವಷ್ಟು ಅಗಲ. ಹನ್ನೆರಡನೆಯದು ಆ ಬುಧವಾರ ಬೆಳಿಗ್ಗೆ ಸಂಗಮೇಶನ ಕೈಯಲ್ಲಿ ಏಳುತ್ತಿತ್ತು.

ಹತ್ತು ಕಿಲೊ ಮಣ್ಣು. ಮಾರ್ಚ್ ತಿಂಗಳ ಚಳಿಗೆ ಕಲ್ಲಿನಂತೆ ಬಿಗಿದಿತ್ತು. ಕೆಟಲಿನ ಬಿಸಿನೀರು ಬೆರೆಸಿಕೊಂಡು, ಮೊಣಕೈಯನ್ನು ತೊಡೆಗೆ ಊರಿ, ಮೈಯ ಭಾರವನ್ನೆಲ್ಲ ಅಂಗೈಗೆ ಇಳಿಸಿ ಅವನು ಅದನ್ನು ತಿಗರಿಯ ನಡುವಿಗೆ ತಂದಿದ್ದ. ಈಗ ಬೋಗುಣಿಯ ಗೋಡೆ ಎತ್ತುತ್ತಿದ್ದ. ಒಳಗೊಂದು ಕೈ, ಹೊರಗೊಂದು ಕೈ. ಎರಡರ ನಡುವೆ ಮಣ್ಣು ತೆಳುವಾಗುತ್ತ, ಮೇಲೇರುತ್ತ, ಹೊರಕ್ಕೆ ಬಾಗುತ್ತ ಬರುತ್ತಿತ್ತು.

"ಇನ್ನೂ ಎಷ್ಟು ಹೊತ್ತು ಸಂಗಮೇಶ್?" ರಜನಿ ಮೂರನೆಯ ಸಲ ಕೇಳಿದರು.

"ಅರ್ಧಾ ತಾಸು ಬೇಕ್ರೀ ಅಕ್ಕಾರ. ಅವಸರ ಮಾಡಿದ್ರ ಕುಸದ ಕುಂದರತೈತಿ."

"ಹನ್ನೊಂದಕ್ಕೆ ಬರ್ತಾಳೆ ಅವಳು."

"ಗೊತ್ತೈತ್ರಿ."

ಬರಬೇಕಾಗಿದ್ದವಳು ಗ್ಯಾಲರಿಯ ಶೈನಿ. ಹನ್ನೆರಡು ಬೋಗುಣಿಗಳ ಪ್ರದರ್ಶನ, ಅದರ ಜೊತೆ ತೋರಿಸಲು ಒಂದು ಚಿಕ್ಕ ವಿಡಿಯೊ: ರಜನಿಯವರು ತಿಗರಿಯ ಮುಂದೆ ಕುಳಿತು ಬೋಗುಣಿ ಮಾಡುತ್ತಿರುವುದು. ತೊಡಕಿದ್ದದ್ದು ಅಲ್ಲೇ. ಆ ಹನ್ನೊಂದರಲ್ಲಿ ಒಂದನ್ನೂ ರಜನಿ ಮಾಡಿರಲಿಲ್ಲ.

ಹಾಗಂತ ಅವರಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಮೈಸೂರಿನಿಂದ ಮದುವೆಯಾಗಿ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮಣ್ಣು ಹಿಡಿದ ಹೆಂಗಸು. ದೊಡ್ಡ ಬೋಗುಣಿಗಳಿಂದಲೇ ಹೆಸರು ಮಾಡಿದ್ದರು. ಎರಡು ವರ್ಷದ ಹಿಂದೆ ಬಲಭುಜದ ಸ್ನಾಯು ಹರಿಯಿತು. ಆಪರೇಷನ್ ಆದರೂ ಮೊದಲಿನ ಬಲ ಬರಲಿಲ್ಲ. ಸಣ್ಣ ಬಟ್ಟಲು ಮಾಡಬಲ್ಲರು, ಅಷ್ಟೇ. ಆ ಹೊತ್ತಿಗೇ ಸಿಕ್ಕವನು ಸಂಗಮೇಶ. ಬೈಲಹೊಂಗಲದ ಕಡೆಯವನು, ಅಪ್ಪ ಕೋಲಿನಿಂದ ತಿಗರಿ ತಿರುಗಿಸಿ ಗಡಿಗೆ ಮಾಡುತ್ತಿದ್ದರು. ಹೆಂಡತಿ ಸ್ಫೂರ್ತಿಗೆ ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆಂದು ಇವನೂ ಬಂದ. ಕ್ವೀನ್ಸ್‌ಬರಿಯ ಫ್ಲ್ಯಾಟಿನಲ್ಲಿ ಒಂದು ವರ್ಷ ಕಿಟಕಿ ನೋಡುತ್ತ ಕೂತವನಿಗೆ ಯುಗಾದಿ ಕೂಟದಲ್ಲಿ ರಜನಿಯ ಪರಿಚಯವಾಗಿ, ಮರುದಿನವೇ ಟ್ಯೂಬ್ ಹತ್ತಿ ಬಂದು ಮಣ್ಣಿಗೆ ಕೈ ಹಾಕಿದ್ದ. ಆ ದಿನ ಅವನಿಗೆ ಅಳು ಬಂದಿತ್ತು. ಆ ಋಣ ಅವನ ಬಾಯಿ ಕಟ್ಟಿತ್ತು. "ಇದೊಂದು ಸಲ ನನ್ನ ಹೆಸರಲ್ಲೇ ಹೋಗ್ಲಿ" ಎಂದು ಅವರು ಕೇಳಿದಾಗ ಹೂಂ ಎಂದುಬಿಟ್ಟಿದ್ದ.

ಇವತ್ತಿನ ಏರ್ಪಾಡೂ ಅವರದೇ. ಸಂಗಮೇಶ ಬೋಗುಣಿಯನ್ನು ಮುಕ್ಕಾಲು ಪಾಲು ಎತ್ತಿ ಕೊಟ್ಟು ಭಟ್ಟಿ ಕೋಣೆ ಸೇರಿಕೊಳ್ಳುವುದು. ಶೈನಿ ಬಂದಾಗ ರಜನಿ ಕೂತು ಅಂಚು ತಿದ್ದುವುದು. ಅಂಚು ತಿದ್ದಲು ಭುಜಬಲ ಬೇಡ. ಇದನ್ನು ಕೇಳಿ ಸ್ಫೂರ್ತಿ ಹಿಂದಿನ ದಿನ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದ್ದಳು. "ನೀನ ಮಾಡಿ ನೀನ ಅಡಗಿ ಕುಂದರ್ತಿ? ಕಳ್ಳ ಯಾರು ಇಲ್ಲಿ?"

ಹತ್ತೂವರೆಗೇ ಬೆಲ್ ಬಾರಿಸಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋಗುಣಿಯ ಗೋಡೆ ಇನ್ನೂ ಹಸಿಹಸಿ. ಹೇರ್ ಡ್ರೈಯರ್ ಹಿಡಿದು ಒಂದಿಷ್ಟು ಗಟ್ಟಿ ಮಾಡಬೇಕೆಂದಿದ್ದ ಸಂಗಮೇಶ. ಹೊತ್ತಿರಲಿಲ್ಲ.

"ಅಗಲ ಮಾಡಾಕ ಹೋಗಬ್ಯಾಡ್ರಿ," ಎಂದು ಪಿಸುಗುಟ್ಟಿದ. "ಕೆಳಗ ಹಸಿ ಐತಿ. ಅಂಚು ಅಷ್ಟ ಮುಟ್ರಿ."

ಮೊಣಕೈವರೆಗೂ ಮೆತ್ತಿದ್ದ ಕೆಸರನ್ನು ತೊಳೆಯದೆಯೇ ಅವನು ಭಟ್ಟಿ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಎರಡು ಬೆರಳಿನಷ್ಟು ಸಂದು. ಅದರಲ್ಲಿ ತಿಗರಿ ಕಾಣುತ್ತಿತ್ತು.

ಶೈನಿ ಮೂವತ್ತರ ಆಸುಪಾಸಿನವಳು. ಟ್ರೈಪಾಡ್ ಹೊತ್ತು ಬಂದಿದ್ದಳು.

"ಬೇಗ ಬಂದೆ, ಸಾರಿ ಆಯ್ತಾ? ಸಟನ್‌ನಿಂದ ಟ್ರೈನ್ ಹೇಗೋ ಏನೋ ಅಂತ ಮೊದಲೇ ಹೊರಟದ್ದು. ಅಪ್ಪ ಅಮ್ಮ ಉಡುಪಿಯವರು, ಮನೆಯಲ್ಲಿ ಕೊಂಕಣಿ. ನನ್ನ ಕನ್ನಡ ತಪ್ಪಾದ್ರೆ ನಗಬೇಡಿ ಮಾರಾಯ್ರೆ."

"ಚೆನ್ನಾಗೇ ಮಾತಾಡ್ತೀರಲ್ಲ," ಎಂದು ರಜನಿ ನಕ್ಕರು. ಆ ನಗು ಬರೀ ತುಟಿಯ ಮೇಲಿನದೆಂದು ಬಾಗಿಲ ಹಿಂದಿದ್ದವನಿಗೆ ಗೊತ್ತಾಯಿತು.

ರಜನಿ ಏಪ್ರನ್ ಕಟ್ಟಿಕೊಂಡು ಕೂತರು. ತಿಗರಿಯ ಪಕ್ಕದ ಸ್ವಿಚ್ಚನ್ನು ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಸರಿಸಿ ಪೆಡಲ್ ಒತ್ತಿದರು. ಬೋಗುಣಿ ತಿರುಗಿತು. ಒದ್ದೆ ಸ್ಪಂಜಿನಿಂದ ಅಂಚನ್ನು ಸವರಿದರು. ಐದು ನಿಮಿಷ ಎಲ್ಲ ಸರಿಯಾಗಿಯೇ ನಡೆಯಿತು. ಹೀಗೇ ಮುಗಿದುಹೋಗಲಿ ಎಂದು ಸಂಗಮೇಶ ಕೈ ಕೈ ಹಿಸುಕಿಕೊಂಡ. ಒಣಗುತ್ತಿದ್ದ ಕೆಸರು ಮೊಣಕೈಯಲ್ಲಿ ಬಿರಿಯುತ್ತಿತ್ತು.

ಕ್ಯಾಮೆರಾ ತನ್ನ ಪಾಡಿಗೆ ಓಡುತ್ತಿರಲು ಬಿಟ್ಟು ಶೈನಿ ಹಲಗೆಯ ಹತ್ತಿರ ಹೋದಳು. ಒಂದು ಬೋಗುಣಿಯೊಳಗೆ ಬೆರಳಿಟ್ಟು, ನಡುವಿನಿಂದ ಹೊರಕ್ಕೆ ಸುತ್ತಿಕೊಂಡು ಬಂದ ಸಣ್ಣ ಏಣನ್ನು ಹಿಂಬಾಲಿಸಿದಳು. ಮಣ್ಣು ಎತ್ತುವಾಗ ಬೆರಳು ಬಿಟ್ಟ ಸುರುಳಿ ಅದು. ಬೆರಳು ನಿಂತಿತು. ತಿರುಗಿ ತಿಗರಿಯನ್ನು ನೋಡಿದಳು. ಇನ್ನೊಂದು ಬೋಗುಣಿಗೆ ಹೋದಳು. ಮತ್ತೊಂದಕ್ಕೆ.

ಸಂಗಮೇಶ ಬಾಗಿಲ ಸಂದಿಗೆ ಕಣ್ಣು ಹಚ್ಚಿದ. ಅವನ ಊರಿನ ತಿಗರಿ ತಿರುಗುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಅವನ ಕೈ ಕಲಿತದ್ದೂ ಹಾಗೆಯೇ, ಇಲ್ಲಿಯೂ ಅವನು ದಿಕ್ಕು ಬದಲಿಸುವ ಸ್ವಿಚ್ ಸರಿಸಿ ಹಾಗೆಯೇ ತಿರುಗಿಸುತ್ತಿದ್ದ. ರಜನಿ ಇಲ್ಲಿಯವರಂತೆ ಅದಕ್ಕೆ ಎದುರು ದಿಕ್ಕಿಗೆ ತಿರುಗಿಸುವವರು. ಎರಡು ವರ್ಷ ಕಣ್ಣೆದುರಿಗಿದ್ದರೂ ಇದನ್ನೊಬ್ಬರು ಓದಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಕಾಲೇಜಿನಲ್ಲಿ ನಾನೂ ಎರಡು ವರ್ಷ ವೀಲ್ ಮುಂದೆ ಕೂತವಳು," ಎಂದಳು ಶೈನಿ, ದನಿ ಏರಿಸದೆ. "ಇವುಗಳ ಸುರುಳಿ ಉಲ್ಟಾ ಉಂಟಲ್ಲ? ನೀವು ಈಗ ತಿರುಗಿಸುವ ಹಾಗೆ ಮಾಡಿದ್ರೆ ಇದು ಆಚೆ ಕಡೆಗೆ ಹೋಗಬೇಕಿತ್ತು."

ರಜನಿಯ ಕೈ ಅಂಚಿನ ಮೇಲೇ ಇತ್ತು. "ಒಂದೊಂದ್ಸಲ ಆ ಕಡೆಗೂ ತಿರುಗಿಸ್ತೀನಿ."

"ಹೌದಾ? ಹಾಗಾದ್ರೆ ಹಾಗೇ ತೋರಿಸಿ. ವಿಡಿಯೊಗೆ ಚೆಂದ ಬರ್ತದೆ. ಇನ್ನೂ ಸ್ವಲ್ಪ ಅಗಲ ಮಾಡಿ, ಅದೇ ಬೇಕಾದದ್ದು ನನಗೆ."

ಬೇಡ ಅನ್ನಿರಿ ಅಕ್ಕಾರ, ಎಂದು ಸಂಗಮೇಶ ಮನಸ್ಸಿನಲ್ಲೇ ಕೂಗಿಕೊಂಡ. ಭುಜ ನೋಯುತ್ತಿದೆ ಅನ್ನಿರಿ, ನೀರು ಕುಡಿದು ಬರುತ್ತೇನೆ ಅನ್ನಿರಿ. ರಜನಿ ಸ್ವಿಚ್ ಸರಿಸಿದರು.

ಬೋಗುಣಿ ಅವನ ದಿಕ್ಕಿಗೆ ತಿರುಗತೊಡಗಿತು. ರಜನಿಯ ಬಲಗೈ ಅಭ್ಯಾಸದಂತೆ ಬಲಪಕ್ಕಕ್ಕೆ ಹೋಗಿ, ಮಣ್ಣು ಬೆರಳಿಗೆ ಎದುರಾಗಿ ಬಂದದ್ದಕ್ಕೆ ತಡವರಿಸಿ, ಎಡಕ್ಕೆ ಬಂತು. ಒಳಗಿನಿಂದ ಒತ್ತಿದರು. ಗೋಡೆ ಹೊರಕ್ಕೆ ಬಾಗಿತು, ಒಂದು ಕ್ಷಣ ಬಹಳ ಸುಂದರವಾಗಿಯೇ. ಆಮೇಲೆ ಅಂಚು ಅಲೆಯಾಡಿತು. ಮೊದಲು ಕೂದಲೆಳೆಯಷ್ಟು, ಮುಂದಿನ ಸುತ್ತಿಗೆ ಬೆರಳಿನಷ್ಟು. ರಜನಿಯ ಮುಖ ಬಿಳಿಚಿಕೊಂಡಿತು. ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಕೈ ತೆಗೆದರೆ ಬೋಗುಣಿ ಬೀಳುತ್ತದೆ, ಇಟ್ಟುಕೊಂಡರೆ ಭುಜ ತಾಳುವುದಿಲ್ಲ.

ಸಂಗಮೇಶನ ಕೈ ಬಾಗಿಲ ಮೇಲಿತ್ತು. ಹೊರಗೆ ಹೋದರೆ ಅವರ ಮಾನ ಹೋಗುತ್ತದೆ. ಹೋಗದಿದ್ದರೆ ಮಣ್ಣು ಹೋಗುತ್ತದೆ. ಮಣ್ಣು ಹೋದರೆ ಹೋಗಲಿ, ಹತ್ತು ಕಿಲೊ ಮಣ್ಣು ತಾನೇ ಎಂದು ಹಲ್ಲು ಕಚ್ಚಿ ನಿಂತ.

"ಸಂಗಮೇಶ್!"

ಕೂಗಿದ್ದು ರಜನಿ.

"ಸಂಗಮೇಶ್, ಬನ್ನಿ ಇಲ್ಲಿ! ಹೋಗ್ತಾ ಇದೆ ಇದು, ಬೇಗ ಬನ್ನಿ!"

ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಮೂರು ಹೆಜ್ಜೆಗೆ ತಿಗರಿಯ ಬಳಿ ಇದ್ದ, ಮಂಡಿಯೂರಿ ಕೂತಿದ್ದ, ಎಡಗೈಯಿಂದ ಕುಸಿಯುತ್ತಿದ್ದ ಬದಿಗೆ ಆನಿಕೆ ಕೊಟ್ಟಿದ್ದ. "ಪೆಡಲ್ ಬಿಡ್ರಿ ಅಕ್ಕಾರ. ಪೂರಾ ಬಿಡಬ್ಯಾಡ್ರಿ, ಸಾವಕಾಶ. ಹಾಂ. ಈಗ ಕೈ ತಗೀರಿ. ಒಂದೊಂದ ಬೆರಳ ತಗೀರಿ."

ಅವರು ತೆಗೆದರು. ತಿಗರಿ ಆಮೆಯಂತೆ ತಿರುಗುತ್ತಿತ್ತು. ಮೇಲಿನ ನಾಲ್ಕು ಬೆರಳಿನಷ್ಟು ಗೋಡೆ ಉಳಿಯುವಂತಿರಲಿಲ್ಲ. ಸಂಗಮೇಶ ಸೂಜಿ ತೆಗೆದುಕೊಂಡು, ಉಸಿರು ಹಿಡಿದು, ತಿರುಗುತ್ತಿದ್ದ ಅಂಚಿಗೆ ಚುಚ್ಚಿ ಒಂದು ಸುತ್ತು ಕೊಯ್ದ. ಮಣ್ಣಿನ ಉಂಗುರವನ್ನು ಎರಡೂ ಕೈಯಿಂದ ಎತ್ತಿ ಬಕೆಟ್ಟಿಗೆ ಹಾಕಿದ. ರಜನಿ ಎದ್ದು ಸ್ಟೂಲು ಬಿಟ್ಟುಕೊಟ್ಟರು, ಅವನು ಕೂತ. ಒಳಗಿನಿಂದ ಮರದ ಚಪ್ಪಟೆ ತುಂಡನ್ನು ಒತ್ತುತ್ತ, ಉಳಿದ ಗೋಡೆಯನ್ನು ತಗ್ಗಾಗಿ, ಅಗಲವಾಗಿ ಹರಡಿದ. ಕೊನೆಗೆ ಅಲ್ಲಿ ನಿಂತದ್ದು ಬೋಗುಣಿಗಿಂತ ಹಿಟ್ಟು ನಾದುವ ಪರಾತದ ಹಾಗಿತ್ತು.

ಶೈನಿ ಕ್ಯಾಮೆರಾ ನಿಲ್ಲಿಸಿದಳು. "ಇವರು ಯಾರು?"

ರಜನಿ ತುಟಿ ಒದ್ದೆ ಮಾಡಿಕೊಂಡರು. ಅಸಿಸ್ಟೆಂಟ್ ಎಂಬ ಶಬ್ದ ಅವರ ನಾಲಿಗೆಯ ತುದಿಗೆ ಬಂದದ್ದು ಸಂಗಮೇಶನಿಗೆ ಕಂಡಿತು. ಅವನು ತಲೆ ಎತ್ತಲಿಲ್ಲ. ಅವರು ಹಾಗೆಂದರೆ ಹಾಗೇ ಇರಲಿ ಎಂದು ಮಣ್ಣು ಕೊಯ್ಯುವ ತಂತಿಯನ್ನು ಒರೆಸತೊಡಗಿದ.

"ಮಾಡಿದ್ದು ಇವರು," ಎಂದರು ರಜನಿ. "ಹನ್ನೊಂದೂ ಇವರದೇ. ಬಣ್ಣ ಮಾತ್ರ ನಂದು. ನನ್ನ ಭುಜ ಹೋಗಿದೆ ಶೈನಿ. ಎರಡು ವರ್ಷ ಆಯ್ತು."

"ಅದನ್ನು ಹೇಳಿದ್ರೆ ಎಂತ ಆಗ್ತಿತ್ತು?" ಶೈನಿಯ ಕಣ್ಣು ಕೆಂಪಾಗಿತ್ತು. "ನಿಮ್ಮ ಬೋಗುಣಿ ನೋಡಿಯೇ ನಾನು ಕಾಲೇಜಿಗೆ ಸೇರಿದ್ದು. ಕೈಯಲ್ಲಿ ಆಗುದಿಲ್ಲ ಅಂದ್ರೆ ಆಗುದಿಲ್ಲ ಅಷ್ಟೇ. ಇವರನ್ನು ಒಳಗೆ ಕೂರಿಸಿ ನನಗೆ ನಾಟಕ ತೋರಿಸಿದ್ದು ಯಾಕೆ? ಗ್ಯಾಲರಿಯಲ್ಲಿ ನಾನು ಎಂತ ಹೇಳಲಿ ಈಗ?"

ಉತ್ತರಕ್ಕೆ ಕಾಯದೆ ಟ್ರೈಪಾಡ್ ಮಡಚಿಕೊಂಡು ಹೊರಟುಹೋದಳು.

ಸತ್ಯ ಹೊರಬಿದ್ದರೆ ಹಗುರಾಗುತ್ತದೆಂದು ಸಂಗಮೇಶ ಎಣಿಸಿದ್ದ. ಹಾಗಾಗಲಿಲ್ಲ. ರಜನಿ ಗೋಡೆಗೆ ಒರಗಿ ಭುಜ ಹಿಡಿದುಕೊಂಡು ನಿಂತಿದ್ದರು.

"ಈಗ ಸಮಾಧಾನ ಆಯ್ತಾ ನಿಮಗೆ?"

"ನಾ ಏನ್ ಮಾಡೇನ್ರಿ? ನೀವ ಕರದ್ರಿ."

"ಕರೀಬೇಕಾಯ್ತು. ಬಿದ್ದು ಹೋಗೋದನ್ನ ನೋಡ್ಕೊಂಡು ಹ್ಯಾಗೆ ಕೂತಿರ್ಲಿ?"

"ಎರಡ ವರ್ಷ ನೀವು ಹೇಳಿಧಂಗ ಕೇಳೀನಿ. ಇವತ್ತ ಆ ಕ್ವಾಣ್ಯಾಗ ನಿಂತಾಗ ನನಗ ಹೇಸಿಗಿ ಆತು, ನಿಮ್ಮ ಮ್ಯಾಲಲ್ಲ, ನನ್ನ ಮ್ಯಾಲ." ಅಷ್ಟು ಮಾತು ಅವರ ಮುಂದೆ ಅವನು ಯಾವತ್ತೂ ಆಡಿರಲಿಲ್ಲ. ಕೈ ತೊಳೆದುಕೊಂಡು, ಜಾಕೆಟ್ ಹಾಕಿಕೊಂಡು, ಹೇಳದೆಯೇ ಹೊರಟ.

ಒಂಬತ್ತು ದಿನ ಹೋಗಲಿಲ್ಲ. ಸ್ಫೂರ್ತಿ ಕೆಲಸದಿಂದ ಬಂದು ಪಕ್ಕದಲ್ಲಿ ಕೂತು ಟಿವಿ ಹಾಕುತ್ತಿದ್ದಳು. ಹತ್ತನೆಯ ದಿನ ರಜನಿಯ ಫೋನ್ ಬಂತು. ಬಂದು ಹೋಗಿ ಎಂದರು, ಅಷ್ಟೇ.

ಗ್ಯಾರೇಜಿನಲ್ಲಿ ಅವರು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದರು. ಚಹಾ ಬೇಕಾ ಎಂದು ಕೇಳಲಿಲ್ಲ. ಇವನೂ ಜಾಕೆಟ್ ತೆಗೆಯಲಿಲ್ಲ. ಮೊದಲಿನ ಸಲುಗೆ ಅಷ್ಟು ಬೇಗ ಬರುವಂಥದ್ದಾಗಿರಲಿಲ್ಲ.

"ಪ್ರದರ್ಶನ ಸೆಪ್ಟೆಂಬರ್‌ಗೆ ಹೋಯ್ತು," ಎಂದರು. "ನಿಂತೇ ಹೋಗುತ್ತೆ ಅಂದ್ಕೊಂಡಿದ್ದೆ. ಶೈನಿ ಬರೆದಿದ್ದಾಳೆ. ಇಬ್ಬರ ಹೆಸರೂ ಇರಬೇಕಂತೆ, ನಿಮ್ಮದು ಮೊದಲು. ಆ ವಿಡಿಯೊನ ಪೂರ್ತಿ ಹಾಕ್ತೀನಿ ಅಂತಾಳೆ, ನಾನು ಕೂಗಿದ್ದೂ ಸೇರಿ. ಯೋಚಿಸಿ ಹೇಳ್ತೀನಿ ಅಂದಿದ್ದೆ. ಬೆಳಿಗ್ಗೆ ಆಗ್ಲಿ ಅಂತ ಬರೆದುಬಿಟ್ಟೆ."

ಸಂಗಮೇಶ ಹಲಗೆಯ ಕಡೆ ನೋಡಿದ.

"ಹೆಸರಿನ ಕಾರ್ಡಿಗೆ ಕೇಳಿದ್ದಾಳೆ." ರಜನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಮ್ಮ ಪೂರ್ತಿ ಹೆಸರೇನು? ಇಷ್ಟು ದಿನ ಆಯ್ತು, ನಾನು ಕೇಳೇ ಇಲ್ಲ."

"ಸಂಗಮೇಶ ಬಸಪ್ಪ ಕುಂಬಾರ," ಎಂದ ಅವನು.

"ಇಂಗ್ಲಿಷಲ್ಲಿ ಹ್ಯಾಗೆ ಬರೀತೀರಿ, ಹೇಳಿ," ಎಂದು ರಜನಿ ಕೀಲಿಗಳ ಮೇಲೆ ಬೆರಳಿಟ್ಟು ಕಾದರು. ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಒಂದೊಂದೇ ಅಕ್ಷರ ಹೇಳತೊಡಗಿದ.